ಸಾಲ ಮಾಡಿ ಓದಿದ ಮೇಡಂ

ಕೊಪ್ಪದ ಕಾಲೇಜಿನಲ್ಲಿ ನಮಗೆ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಮೇಡಂ, ಸಾಲ ಮಾಡಿ ದೆಹಲಿಯಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಓದಿದವರು. ಅತಿಥಿ ಉಪನ್ಯಾಸಕಿಯ ಸಂಬಳದಲ್ಲಿ ಅರ್ಧ ಬ್ಯಾಂಕಿಗೇ ಹೋಗುತ್ತಿತ್ತು. ಯಾರಾದರೂ ಮರುಗಿದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಅಯ್ಯೋ ಅನ್ನೋದು ಎಂತಕ್ಕೆ?" ಎನ್ನುತ್ತಿದ್ದರು.

ನಾನೂ ಅದನ್ನೇ ಓದುತ್ತೇನೆಂದು ಹಟ ಹಿಡಿದಾಗ ಅಪ್ಪ, ಎಸ್‌ಟಿಡಿ ಬೂತಿನ ಮಾಳಿಗೆಯಲ್ಲಿದ್ದ ಅವರ ರೂಮಿಗೇ ನನ್ನನ್ನು ಕರೆದೊಯ್ದರು.

"ನಿಮ್ಮ ಕಷ್ಟ ಇವಳಿಗೂ ಸ್ವಲ್ಪ ಹೇಳಿ ಮೇಡಂ. ಬಿ.ಎಡ್. ಮಾಡ್ಲಿ."

ಮೇಡಂ ಏನನ್ನೂ ಮುಚ್ಚಿಡಲಿಲ್ಲ. ಸಂಬಳ, ಕಂತು, ರಜೆಯ ತಿಂಗಳ ಬರಿಗೈ, ಎಲ್ಲ ಹೇಳಿದರು. ಅಪ್ಪ ಗೆದ್ದವರಂತೆ ನನ್ನತ್ತ ನೋಡಿದರು.

"ಈಗ ಮತ್ತೆ ಓದೋದಾದ್ರೆ ಎಂತ ಓದ್ತೀರಿ ಮೇಡಂ?" ನಾನು ಕೇಳಿದೆ.

"ಅದನ್ನೇ," ಎಂದ ಮೇಡಂ ಅಪ್ಪನತ್ತ ತಿರುಗಿದರು. "ಇವಳ ಸಾಲಕ್ಕೆ ಬ್ಯಾಂಕಿನವರು ಜಾಮೀನು ಕೇಳ್ತಾರೆ. ನೀವು ಹಾಕದಿದ್ರೆ ನಾನು ಹಾಕ್ತೀನಿ."

ಅಪ್ಪ ಸೋಮವಾರ ತಾವೇ ಬ್ಯಾಂಕಿಗೆ ಬಂದು ಸಹಿ ಹಾಕಿದರು.