ಆಚೆ ದಡಕ್ಕೇ ಇಳಿಸುವ ಅತಾ ಒದಾರ್ತೆ

ನಾನು ಅತಾ ಒದಾರ್ತೆಯವರನ್ನು ಮೊದಲು ಕಂಡದ್ದು ಲಾಮ್ಲಾ ಹಿನ್ನೀರಿನ ದೋಣಿ ಕಡವಿನಲ್ಲಿ. ಮರುಭೂಮಿಯ ಧೂಳು ಗಾಳಿಯ ಜೊತೆ ಇಳಿದು ಅಕ್ರಾ ಪಟ್ಟಣವನ್ನೆಲ್ಲ ಮಂಕು ಮಾಡಿದ್ದ ಒಂದು ಬೆಳಿಗ್ಗೆ ಅದು. ಅವರು ದೋಣಿಯ ಹಿಂದಿನ ಅಡ್ಡಹಲಗೆಯ ಮೇಲೆ ಕೂತು, ಅರ್ಧಕ್ಕೆ ಕತ್ತರಿಸಿದ ಹಳದಿ ಎಣ್ಣೆ ಡಬ್ಬಿಯಿಂದ ತಳದಲ್ಲಿ ನಿಂತ ನೀರನ್ನು ಹೊರಗೆ ಚೆಲ್ಲುತ್ತಿದ್ದರು. ತಲೆಗೆ ನೀಲಿ ಉಣ್ಣೆಯ ಟೋಪಿ. ಮೈಮೇಲೆ ಯಾವುದೋ ಹಳೆಯ ಚುನಾವಣೆಯ ಅಂಗಿ; ಅದರ ಮೇಲಿದ್ದ ಮುಖ ಸವೆದು ಮೀಸೆ ಮಾತ್ರ ಉಳಿದಿತ್ತು. ಎಡಗಾಲಿನಲ್ಲಿ ಚಪ್ಪಲಿ ಇತ್ತು, ಬಲಗಾಲಿನದು ದೋಣಿಯೊಳಗಿನ ನೀರಿನಲ್ಲಿ ತೇಲುತ್ತಿತ್ತು. ಹಿನ್ನೀರು ಆಗ ಕಪ್ಪಗಿತ್ತು. ಪ್ಲಾಸ್ಟಿಕ್ ಬಾಟಲಿಗಳು ದಡಕ್ಕೆ ಬಂದು ಒಂದಕ್ಕೊಂದು ಕಟಕಟ ತಾಗುತ್ತಿದ್ದವು. ನಾನು ಕರವಸ್ತ್ರವನ್ನು ಮೂಗಿಗೆ ಹಿಡಿದಿದ್ದೆ. ಅವರು ಅದನ್ನು ನೋಡಿಯೂ ನೋಡದವರ ಹಾಗೆ ಡಬ್ಬಿ ಕೆಳಗಿಟ್ಟರು.

“ಹತ್ತಮ್ಮಾ. ಎಲ್ಲಿಗೆ? ಮೀನಿನ ಒಲೆಗಳ ಹತ್ರಕ್ಕಾ, ಮಾರ್ಕೆಟ್ಟಿಗಾ?”

“ಎಲ್ಲಿಗೂ ಇಲ್ಲ ಅತಾ. ನಿಮ್ಮನ್ನೇ ನೋಡೋಕೆ ಬಂದೆ.”

ಅತಾ ಎಂದರೆ ಅಪ್ಪ. ಹಿರಿಯರನ್ನು ಹಾಗೆ ಕರೆಯುವುದೇ ಮರ್ಯಾದೆ. ಅವರು ಹಿಂದಕ್ಕೆ ತಿರುಗಿ ಬೇರೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು. ಯಾರೂ ಇರಲಿಲ್ಲ.

“ನನ್ನನ್ನಾ? ನೋಡಿದ್ಯಲ್ಲ. ಇನ್ನು ಹತ್ತು, ಎಲ್ಲಿಗೆ ಹೋಗ್ಬೇಕು ಹೇಳು.”

ಎಲ್ಲಿಗೂ ಹೋಗಬೇಕಾಗಿಲ್ಲದವರು ಕಡವಿಗೆ ಏಕೆ ಬರುತ್ತಾರೆ ಎಂಬುದು ಅವರಿಗೆ ಅರ್ಥವಾಗಲಿಲ್ಲ. ನಾನೂ ಸರಿಯಾಗಿ ತಿಳಿಸಿ ಹೇಳಲಿಲ್ಲ. ಶಾಯ್ ಗುಡ್ಡಗಳ ಕಡೆಯ ಹಳ್ಳಿಯವಳು ನಾನು, ಹೆಸರು ಕೊರ್ಯೋ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು. ಹಿನ್ನೀರನ್ನು ಶುಚಿ ಮಾಡಿ, ದಡದುದ್ದಕ್ಕೂ ನಡೆಯುವ ದಾರಿ, ಬೆಂಚು, ತಿಂಡಿ ಅಂಗಡಿ, ದೀಪ ಎಲ್ಲ ಮಾಡುವ ಯೋಜನೆಯೊಂದು ಆಗಷ್ಟೇ ಶುರುವಾಗಿತ್ತು. ಅದರಲ್ಲಿ ದಡದ ಜನರ ಜೊತೆ ಮಾತಾಡುವ ಕೆಲಸ ನನ್ನದು. ಇದನ್ನೆಲ್ಲ ಹೇಳಿ, ಸೇತುವೆಯೂ ಬರುತ್ತದೆ ಎಂದೆ.

“ಸೇತುವೆ ಬಂದ್ರೆ ಜನ ನಡ್ಕೊಂಡು ದಾಟ್ತಾರೆ.”

“ಹೌದು ಅತಾ.”

“ಹಂಗಾದ್ರೆ ನಾನು?”

ಅದಕ್ಕೆ ನನ್ನ ಬಳಿ ಉತ್ತರ ಇತ್ತು, ಹೆಮ್ಮೆಯಿಂದಲೇ ಹೇಳಿದೆ. ವಿಹಾರಕ್ಕೆ ಬರುವವರನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ ನೀರಿನ ನಡುವೆ ಒಂದು ಸುತ್ತು ಹಾಕಿಸಬೇಕು. ದೋಣಿಗೆ ಬಣ್ಣ ಬಳಿಸಿಕೊಡುತ್ತಾರೆ. ತಿಂಗಳ ಸಂಬಳ.

“ಸುತ್ತಿ ಎಲ್ಲಿ ಇಳಿಸ್ಬೇಕು?”

“ಇಲ್ಲೇ. ಹತ್ತಿದ ಜಾಗದಲ್ಲೇ.”

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. “ಗುಡ್ಡದ ಹುಡುಗಿ, ನಿಮ್ಮ ಕಡೆ ಜನ ಬಸ್ ಹತ್ತಿ ಅದೇ ಸ್ಟಾಪಲ್ಲಿ ಇಳೀತಾರಾ?” ಎಂದು ಕೇಳಿದರು. ತಮಾಷೆಯೋ ನಿಜವಾದ ಪ್ರಶ್ನೆಯೋ ತಿಳಿಯದೆ ನಾನು ನಕ್ಕೆ. ಅವರು ನಗಲಿಲ್ಲ.

ಅವರ ತಕರಾರು ಏನೆಂದು ಗೊತ್ತಾದದ್ದು ಆಮೇಲೆ, ಅವರ ಅಕ್ಕನಿಂದ. ಅಕ್ಕ ಆವೋ ದೆದೈ ಆಚೆ ದಡದಲ್ಲಿ ಮಣ್ಣಿನ ಒಲೆಗಳ ಮೇಲೆ ಮೀನು ಸುಡುವವರು. ಆವೋ ಎಂದರೆ ಅಮ್ಮ; ಆ ದಡದ ಒಲೆಗಳಿಗೆಲ್ಲ ಯಜಮಾನಿ ಇದ್ದ ಹಾಗೆ. ಲಾಮ್ಲಾದ ಅಂಬಿಗರಲ್ಲಿ ಒಂದು ಕಟ್ಟುಪಾಡು ಇದೆ. ದೋಣಿ ಹತ್ತಿ ಕೂತವರನ್ನು ಬಂದ ದಡಕ್ಕೆ ತಿರುಗಿ ಇಳಿಸುವುದಿಲ್ಲ. ಮರೆತ ಚೀಲ ನೆನಪಾಗಲಿ, ಮಳೆ ಬರಲಿ, ಮೊದಲು ದಾಟಿಸಿಯೇ ಆಮೇಲೆ ಮಾತು. ನಡುನೀರಿನಿಂದ ದೋಣಿ ಹಿಂದಕ್ಕೆ ತಿರುಗುವುದು ಅದರಲ್ಲಿ ಹೆಣ ಇದ್ದಾಗ ಮಾತ್ರ.

“ನಮ್ಮ ತಮ್ಮ ಒಬ್ಬ ಇದ್ದ, ಲಾನ್ಕ್ವೇ ಅಂತ,” ಎಂದು ಆವೋ ದೆದೈ ಮೀನು ತಿರುವಿ ಹಾಕುತ್ತಲೇ ಹೇಳಿದರು. “ನಡುನೀರಲ್ಲಿ ಎದೆ ಹಿಡ್ಕೊಂಡ. ಒದಾರ್ತೆ ಗಾಬರಿಯಲ್ಲಿ ವಾಪಸ್ ತಿರುಗಿಸ್ದ, ಆಸ್ಪತ್ರೆ ಹೊರಟ ದಡದಲ್ಲೇ ಇತ್ತಲ್ಲ. ದಡ ಮುಟ್ಟೋ ಹೊತ್ತಿಗೆ ಹೋಗ್ಬಿಟ್ಟಿದ್ದ. ತಿರುಗಿಸಿದ್ದಕ್ಕೇ ಹೋದ ಅಂತ ಇವನ ತಲೇಲಿ ಕೂತಿದೆ.”

“ನಿಜವಾಗ್ಲೂ ಹಂಗೆ ಇರುತ್ತಾ ಆವೋ?”

“ನನಗೇನು ಗೊತ್ತು? ನಾನು ಮೀನು ಸುಡೋಳು. ಹೊಗೆ ಕಣ್ಣಿಗೆ ಹೋಗುತ್ತೆ ಅನ್ನೋದು ಗೊತ್ತು.”

ನಮ್ಮ ವ್ಯವಸ್ಥಾಪಕರು ಮಿಸ್ಟರ್ ಅಂಪಾಫೋ. ಕೆಟ್ಟವರಲ್ಲ, ಅವಸರದವರು. ಅವರಿಗೆ ಹೇಳಿದೆ: ಆಚೆ ದಡದಲ್ಲಿ ನಾಲ್ಕು ಹಲಗೆ ಹಾಕಿಸಿದರೆ ಸಾಕು, ಜನ ಅಲ್ಲಿ ಇಳಿದು ಮತ್ತೆ ಹತ್ತಬಹುದು. ಅವರು ಗೋಡೆಯ ಮೇಲಿನ ನಕ್ಷೆ ತೋರಿಸಿದರು. ಈಚೆ ದಡ ಹಸಿರು, ನೀರು ನೀಲಿ, ಆಚೆ ದಡ ಬರೀ ಬಿಳಿ.

“ಆ ಕಡೆ ಎರಡನೇ ಹಂತ, ಕೊರ್ಯೋ. ಈಗ ಆ ಕಡೆ ಇಲ್ಲ.”

“ಇದೆಯಲ್ಲ ಸರ್. ಜನ ಇದ್ದಾರೆ.”

“ನಕ್ಷೆಯಲ್ಲಿ ಇಲ್ಲ. ಮುದುಕನಿಗೆ ಹೇಳು, ನಡುನೀರಲ್ಲಿ ತೇಲಿಬಿಟ್ಟಿರೋ ಕೆಂಪು ಪೀಪಾಯಿ ತನಕ ಹೋಗಿ ತಿರುಗಬೇಕು. ಆಗಲ್ಲ ಅಂದ್ರೆ ಮೋಟಾರ್ ದೋಣಿಯವನನ್ನ ಕರೆಸ್ತೀನಿ. ಕಡವಿನಲ್ಲಿ ಜಾಗ ಇರೋದು ಒಂದೇ ದೋಣಿಗೆ.”

ವಿಷಯ ಅಲ್ಲಿಗೆ ಬಂದು ನಿಂತಿತು. ತಿರುಗಿದರೆ ಅವರಿಗೆ ನೀರಿನ ಮೇಲೆ ಜಾಗ ಉಂಟು, ತಿರುಗದಿದ್ದರೆ ಇಲ್ಲ. ಬೇರೆ ಅಂಬಿಗರು ಆಗಲೇ ದೋಣಿ ಮಾರಿ ಲಾರಿ ನಿಲ್ದಾಣದ ಕೆಲಸಕ್ಕೆ ಸೇರಿದ್ದರು. ಇವರಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಅಭ್ಯಾಸಕ್ಕೆಂದು ನಾನೇ ಒಮ್ಮೆ ಹತ್ತಿ ಕೂತೆ. ಅಷ್ಟು ಹೊತ್ತಿಗೆ ಯಂತ್ರಗಳು ಕೆಸರೆತ್ತಿ ನೀರಿನ ಬಣ್ಣ ಕಂದಾಗಿತ್ತು. ದೋಣಿಗೆ ಹಳದಿ ಬಣ್ಣ ಬಂದಿತ್ತು. ಅವರು ಗಳವನ್ನು ತಳಕ್ಕೆ ಊರಿ ದೂಡುತ್ತಾ ಕೆಂಪು ಪೀಪಾಯಿಯ ತನಕ ಚೆನ್ನಾಗಿಯೇ ಬಂದರು. ಅಲ್ಲಿ ಗಳ ನಿಂತಿತು. ದೋಣಿ ಅಲ್ಲಾಡುತ್ತಾ ಸುಮ್ಮನೆ ಇತ್ತು.

“ತಿರುಗಿಸಿ ಅತಾ.”

“ಹೂಂ.”

“ತಿರುಗಿಸಿ, ಏನೂ ಆಗಲ್ಲ.”

“ನಿನಗಿನ್ನೂ ಮದುವೆ ಆಗಿಲ್ಲ,” ಎಂದರು. “ನಿಮ್ಮಮ್ಮನಿಗೆ ನಾನೇನು ಹೇಳ್ಲಿ?”

ನಾನು ವಿಜ್ಞಾನ ಓದಿದವಳು. ಆದರೂ ಆ ಕಂದು ನೀರಿನ ನಡುವೆ ಕೂತಾಗ, ತಿರುಗಿಸಿ ಎಂದು ಮೂರನೆಯ ಸಲ ಹೇಳಲು ನನಗೆ ಬಾಯಿ ಬರಲಿಲ್ಲ. ಹೆದರಿದೆನೋ, ಅವರ ಹೆದರಿಕೆ ನೋಡಿ ಮರುಗಿದೆನೋ, ಇವತ್ತಿಗೂ ತಿಳಿಯದು. ಅವರು ನನ್ನನ್ನು ಆಚೆ ದಡಕ್ಕೆ ಇಳಿಸಿದರು. ನಾನು ಮುಗಿಯದ ಸೇತುವೆಯ ಕಬ್ಬಿಣದ ಮೇಲೆ ನಡೆದು ವಾಪಸ್ ಬಂದೆ. ಅಂಪಾಫೋ ಕೇಳಿದಾಗ, ಅಭ್ಯಾಸ ಇನ್ನೂ ಆಗಬೇಕು ಎಂದೆ.

ಉದ್ಘಾಟನೆಯ ದಿನ ಹತ್ತಿರ ಬಂತು, ಮೋಟಾರ್ ದೋಣಿ ಬರಲಿಲ್ಲ. ಬಂದರಿನಲ್ಲೇ ಎಲ್ಲೋ ಸಿಕ್ಕಿಕೊಂಡಿದೆ ಎಂದರು. ಹಾಗಾಗಿ ಮುಖ್ಯ ಅತಿಥಿಯನ್ನು ಅತಾ ಒದಾರ್ತೆಯೇ ಸುತ್ತಾಡಿಸಬೇಕಾಯಿತು. ಹಿಂದಿನ ದಿನ ಹೋಗಿ ಕೇಳಿಕೊಂಡೆ.

“ಒಂದೇ ಒಂದು ಸಲ ಅತಾ. ಆಮೇಲೆ ಕಡವು ನಿಮ್ಮದೇ.”

“ನೋಡ್ಕೋತೀನಿ ಬಿಡು.”

“ನೋಡ್ಕೋತೀನಿ ಅಂದ್ರೆ ಹೂಂ ತಾನೆ?”

“ನೋಡ್ಕೋತೀನಿ ಅಂದ್ರೆ ನೋಡ್ಕೋತೀನಿ.”

ನಾನು ಅದನ್ನು ಹೂಂ ಎಂದುಕೊಂಡೆ.

ಮರುದಿನ ದಡ ಗುರುತೇ ಸಿಗದಂತೆ ಇತ್ತು. ಬೆಂಚುಗಳ ಬಣ್ಣ ಇನ್ನೂ ಒಣಗಿರಲಿಲ್ಲ. ತುತ್ತೂರಿ, ಡೋಲು, ಬಲೂನು. ಎಂದೂ ಮೂಗು ಮುಚ್ಚಿಕೊಳ್ಳದೆ ಈ ಕಡೆ ಬಾರದ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ಮುಖ್ಯ ಅತಿಥಿ ಮೇಡಂ ಒಕಾನ್ಸಿ, ನಗರಸಭೆಯ ಹಿರಿಯ ಸದಸ್ಯೆ, ಮೈತುಂಬ ಬಿಳಿ ಲೇಸಿನ ಉಡುಪು ತೊಟ್ಟು ದೋಣಿ ಹತ್ತಿದರು. ಜೊತೆಗೆ ಒಬ್ಬ ಛಾಯಾಗ್ರಾಹಕ. ಅವರ ಕೈಚೀಲ ಹಿಡಿದು ನಾನು. ಜನ ಚಪ್ಪಾಳೆ ತಟ್ಟಿದರು. ಅತಾ ಗಳ ಊರಿದರು.

ಕೆಂಪು ಪೀಪಾಯಿ ಬಂತು. ಕೆಂಪು ಪೀಪಾಯಿ ಹಿಂದಕ್ಕೆ ಹೋಯಿತು.

ನಾನು ತಿರುಗಿ ನೋಡಿದೆ. ಅತಾ ನನ್ನ ಕಡೆ ನೋಡಲಿಲ್ಲ. ದಡದಲ್ಲಿ ತುತ್ತೂರಿ ಸ್ವಲ್ಪ ಹೊತ್ತು ಊದಿತು, ತಡವರಿಸಿತು, ನಿಂತಿತು. ಅಂಪಾಫೋ ಎರಡೂ ಕೈ ಎತ್ತಿ ಬೀಸುತ್ತಿದ್ದರು. ಮೇಡಂ ಅವರಿಗೆ ತಾವೂ ಕೈ ಬೀಸಿದರು.

ದೋಣಿ ಒಲೆಗಳ ಮುಂದೆ ಕೆಸರಿಗೆ ತಾಗಿ ನಿಂತಿತು. ಹೊಗೆಯೊಳಗಿನಿಂದ ಆವೋ ದೆದೈ ಎದ್ದು ಬಂದು, ಬಿಳಿ ಉಡುಪು ಕಂಡು ಎದೆಗೆ ಕೈ ಇಟ್ಟುಕೊಂಡರು. ತುಂಬು ವಯಸ್ಸಿನವರು ಸತ್ತರೆ ನಮ್ಮಲ್ಲಿ ಬಿಳಿ ಉಡುತ್ತಾರೆ.

“ಯಾರು ಹೋದ್ರಪ್ಪಾ? ವಯಸ್ಸಾದೋರಾ?”

“ಯಾರೂ ಹೋಗಿಲ್ಲ ಆವೋ,” ಎಂದೆ. “ಇವರು ಮುಖ್ಯ ಅತಿಥಿ.”

“ಅತಿಥಿನಾ? ಕೈ ತೊಳ್ಕೊಳೋಕೆ ನೀರು ತನ್ರೇ!” ಎಂದು ಒಲೆಗಳ ಕಡೆ ಕೂಗಿದರು.

ಮೇಡಂ ನನ್ನ ಕಿವಿಯ ಹತ್ತಿರ ಬಾಗಿದರು. “ಇದೂ ಕಾರ್ಯಕ್ರಮದಲ್ಲಿ ಇದೆಯೇನಮ್ಮಾ?” ಇದೆ ಎಂದರೆ ಸುಳ್ಳು, ಇಲ್ಲ ಎಂದರೆ ಅತಾ ಅವರ ಕೆಲಸ ಹೋಯಿತು. ನಾನು ತಲೆ ಆಡಿಸಿದೆ. ಅದು ಯಾವ ಕಡೆಗೆ ಆಡಿತೋ ನನಗೇ ಗೊತ್ತಿಲ್ಲ. ಅವರನ್ನು ಮಣೆಯ ಮೇಲೆ ಕೂರಿಸಿದರು. ಮೆಕ್ಕೆಜೋಳದ ಸಿಪ್ಪೆ ಬಿಚ್ಚಿ ಒಳಗಿನ ಬಿಸಿ ಹಿಟ್ಟಿನುಂಡೆ ಕೆಂಕಿ, ಸುಟ್ಟ ಮೀನು, ಖಾರ ಕೈಗಿಟ್ಟರು. ಮೇಡಂ ಲೇಸನ್ನು ಮೊಣಕೈ ಮೇಲೆ ಸರಿಸಿ ತಿಂದರು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ತುಂಡು ಕೇಳಿದರು. ಛಾಯಾಗ್ರಾಹಕ ಎಲ್ಲದರ ಫೋಟೋ ತೆಗೆದುಕೊಂಡ.

ವಾಪಸ್ ಹೊರಡುವಾಗ ಅತಾ ದೋಣಿಯ ಮುಂದೆ ನಿಂತು ಕೈ ಚಾಚಿದರು.

“ಬಾಡಿಗೆ.”

“ಅತಾ!” ಎಂದೆ.

“ಬಂದಿದ್ದು ಉದ್ಘಾಟನೆ ಲೆಕ್ಕ. ಇದು ಬೇರೆ ದಾಟು. ಹೊಸದಾಗಿ ಹತ್ತುತ್ತಿದ್ದಾರೆ.” ಮುಖದಲ್ಲಿ ಹುಡುಗಾಟ ಇರಲಿಲ್ಲ. ಬಾಡಿಗೆ ಕೊಟ್ಟರೇನೇ ಇದು ಹಿಂದಕ್ಕೆ ತಿರುಗಿದ್ದು ಅಲ್ಲ, ದಾಟಿದ್ದು ಎಂದಾಗುತ್ತದೆ. ಅವರು ಬಯಸಿದ್ದು ಅಷ್ಟೇ. ಮೇಡಂ ಚೀಲದಲ್ಲಿ ಭಾಷಣದ ಹಾಳೆ, ಫೋನು ಬಿಟ್ಟು ಏನೂ ಇರಲಿಲ್ಲ. ನಾನೇ ಕೊಟ್ಟೆ. ಅವರು ನೋಡದೆ ಜೇಬಿಗೆ ಹಾಕಿಕೊಂಡರು.

ಭಾಷಣದಲ್ಲಿ ಮೇಡಂ ಹಾಳೆ ಬಿಟ್ಟು ಮಾತಾಡಿದರು. ನಗರಗಳ ನೀರಿನ ದಡಗಳನ್ನು ಬಹಳ ನೋಡಿದ್ದೇನೆ, ಆದರೆ ಹಳೆಯ ಮೀನುಗಾರರ ಬದುಕನ್ನು ಇಷ್ಟು ನಿಜವೆನ್ನಿಸುವಂತೆ ಪ್ರದರ್ಶನ ಮಾಡಿದ್ದು ಎಲ್ಲೂ ನೋಡಿಲ್ಲ, ಅಡುಗೆ ಮಾಡಿದ ಕಲಾವಿದೆಯರಿಗೆ ವಿಶೇಷ ಅಭಿನಂದನೆ ಎಂದರು. ಅಂಪಾಫೋ ಬಾಯಿ ತೆರೆದು ಮುಚ್ಚಿದರು. ಆಮೇಲೆ ಚಪ್ಪಾಳೆ ತಟ್ಟಿದರು.

ಅದಾದ ಮೇಲೆ ಅತಾ ಮಾಡಿದ್ದು ತಪ್ಪೋ ಸರಿಯೋ ನಮ್ಮ ಕಚೇರಿಯಲ್ಲಿ ಯಾರೂ ತೀರ್ಮಾನಿಸಲಿಲ್ಲ. ಹೊಗಳಿಕೆ ಬಂದಿತ್ತಾದ್ದರಿಂದ ಬೈಯುವ ಹಾಗಿರಲಿಲ್ಲ. ಹೇಳಿದ್ದನ್ನು ಮಾಡದವರನ್ನು ಇಟ್ಟುಕೊಳ್ಳುವ ಹಾಗೂ ಇರಲಿಲ್ಲ. ಮೋಟಾರ್ ದೋಣಿ ಬಂದ ವಾರವೇ ಕಡವನ್ನು ಅದಕ್ಕೆ ಕೊಟ್ಟರು. ಸೇತುವೆ ಮುಗಿಯಿತು. ಜನ ಸೇತುವೆ ದಾಟಿ ಆವೋ ದೆದೈಯ ಒಲೆಗಳ ಮುಂದೆ ನಿಂತು ಫೋಟೋ ತೆಗೆದುಕೊಳ್ಳತೊಡಗಿದರು. “ನಿಜವಾಗ್ಲೂ ಇಲ್ಲೇ ಇರ್ತೀರಾ?” ಎಂದು ಒಬ್ಬಳು ಕೇಳಿದಳಂತೆ. “ಇಲ್ಲಮ್ಮಾ, ನೀನು ಹೋದ್ಮೇಲೆ ನಮ್ಮನ್ನೆಲ್ಲ ಮಡಚಿ ಪೆಟ್ಟಿಗೇಲಿ ಇಡ್ತಾರೆ,” ಎಂದರಂತೆ ಆವೋ.

ಅತಾ ಸುಮಾರು ದಿನ ದಡದ ಹೊಸ ಬೆಂಚಿನ ಮೇಲೆ ಕೂತು ಮೋಟಾರ್ ದೋಣಿ ಸುತ್ತುವುದನ್ನು ನೋಡುತ್ತಿದ್ದರು. ಒಮ್ಮೆ ಪಕ್ಕದಲ್ಲಿ ಕೂತೆ.

“ಹತ್ತಿದ ಜಾಗದಲ್ಲೇ ಇಳೀತಾರೆ,” ಎಂದರು. “ಯಾರಿಗೂ ಏನೂ ಆಗಿಲ್ಲ. ನಗ್ತಾ ಇಳೀತಾರೆ.”

“ಹೌದು ಅತಾ.”

“ಹಂಗಾದ್ರೆ ಲಾನ್ಕ್ವೇ ಯಾಕೆ ಹೋದ?”

ಅವನ ಹೃದಯ ಮೊದಲೇ ಕೆಟ್ಟಿತ್ತು, ನೀವು ಯಾವ ಕಡೆ ತಿರುಗಿಸಿದ್ದರೂ ಹೋಗುತ್ತಿದ್ದ ಎಂದು ಹೇಳಬಹುದಿತ್ತು. ಹಾಗೆಂದರೆ ಇಷ್ಟು ವರ್ಷ ಯಾರನ್ನೂ ತಿರುಗಿಸದೆ ದಾಟಿಸಿದ್ದು ಯಾವುದಕ್ಕೆ ಎಂದು ಅವರು ಕೇಳಿದರೆ? ಮೋಟಾರ್ ದೋಣಿ ಇನ್ನೊಂದು ಸುತ್ತಿಗೆ ಹೊರಟಿತು.

ಮಳೆ ಶುರುವಾದಾಗ ಚರಂಡಿಗಳು ಮತ್ತೆ ಬಾಟಲಿ, ಚೀಲಗಳನ್ನು ತಂದು ಹಿನ್ನೀರಿಗೆ ಸುರಿದವು. ಮೋಟಾರಿಗೆ ಪ್ಲಾಸ್ಟಿಕ್ ಸುತ್ತಿಕೊಂಡು ನಿಲ್ಲತೊಡಗಿತು. ಕಸ ಎತ್ತಲು ಮೋಟಾರಿಲ್ಲದ ದೋಣಿ ಬೇಕಾಯಿತು. ಕಸದ ಲಾರಿ ನಿಲ್ಲುವುದು ಆಚೆ ದಡದಲ್ಲಿ. ನಾನು ಅವರ ಹೆಸರು ಹೇಳಿದೆ. ಅಂಪಾಫೋ ಸ್ವಲ್ಪ ಯೋಚಿಸಿ ಒಪ್ಪಿದರು. ಇದು ಮೇಲೇರಿದ್ದೋ ಕೆಳಗಿಳಿದದ್ದೋ ಎಂದು ಅತಾ ನನ್ನನ್ನು ಕೇಳಿದರು. ನನಗೆ ಗೊತ್ತಾಗಲಿಲ್ಲ, ಹಾಗೆಂದೇ ಹೇಳಿದೆ. “ದೋಣಿ ನೀರಿನ ಮೇಲೆ ಇರುತ್ತಲ್ಲ, ಆಯ್ತು,” ಎಂದರು.

ಅತಾ ಒದಾರ್ತೆ ಈಗ ಲಾಮ್ಲಾ ಹಿನ್ನೀರಿನಲ್ಲಿ ಬೆಳಗಿನ ಹೊತ್ತು ಕಸ ಎತ್ತುತ್ತಾರೆ, ತುಂಬಿದ ಮೇಲೆ ಆಚೆ ದಡಕ್ಕೆ ಸಾಗಿಸಿ ಲಾರಿಗೆ ಹಾಕುತ್ತಾರೆ.