ಮೊಳೆಗೆ ಹಾಕದ ಬಿಲ್ಲೆ

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುವ ವಾಸನೆ ಮೂಗಿಗೆ ಬಡಿದರೆ ಸಾಕು, ಮೊಳಕಾಲ್ಮುರು ಕಡೆಯ ಗುಡ್ಡಗಳ ನಡುವೆ ಇದ್ದ ನಮ್ಮ ಗಣಿ ಕ್ವಾರ್ಟರ್ಸಿನ ಹಿತ್ತಲಿಗೆ ಹೋಗಿ ನಿಂತುಬಿಡುತ್ತೇನೆ. ನಿಮಗೂ ಇಂಥದೊಂದು ವಾಸನೆ ಇರಬಹುದು. ಅವ್ವ ದೀಪ, ಚೊಂಬುಗಳ ಜೊತೆ ಅಪ್ಪನ ಬಿಲ್ಲೆಯನ್ನೂ ತಿಕ್ಕುತ್ತಿದ್ದಳು. ದುಂಡನೆಯ ಹಿತ್ತಾಳೆ ತುಂಡು, ಮೇಲೊಂದು ತೂತು, ನಡುವೆ ಅಪ್ಪನ ನಂಬರು. ತಾಮ್ರದ ಗಣಿಗೆ ಇಳಿಯುವವರು ಬಾಯಿಯ ಪಕ್ಕದ ಹಲಗೆಯಲ್ಲಿ ತಮ್ಮ ನಂಬರಿನ ಮೊಳೆಗೆ ಬಿಲ್ಲೆ ಸಿಕ್ಕಿಸಿ ಇಳಿಯಬೇಕು, ಮೇಲೆ ಬಂದವರು ತೆಗೆದುಕೊಂಡು ಜೇಬಿಗೆ ಹಾಕಿಕೊಳ್ಳಬೇಕು. ಮೊಳೆಯಲ್ಲಿ ಬಿಲ್ಲೆ ಇದೆಯೆಂದರೆ ಆಳು ಇನ್ನೂ ಒಳಗಿದ್ದಾನೆ ಎಂದರ್ಥ. ಅಪ್ಪ ಪಾಳಿ ಮುಗಿಸಿ ಬಂದಾಗ ಅವ್ವ ಮುಖ ನೋಡುವ ಮೊದಲೇ ಬಿಲ್ಲೆಗೆ ಕೈಚಾಚುತ್ತಿದ್ದಳು. ಅದು ಕೈಗೆ ಬಿದ್ದ ಮೇಲೆಯೇ ಮುದ್ದೆಗೆ ಎಸರಿಡುವುದು. ನಮ್ಮ ಸಾಲಿನ ಎಲ್ಲ ಮನೆಗಳಲ್ಲೂ, ಎದುರಿನ ತೆಲುಗು ಮಾತಿನವರ ಮನೆಯಲ್ಲೂ ಅದೇ ಪದ್ಧತಿ ಇತ್ತು.

ರಜೆಯ ದಿನ ಅಪ್ಪ ನನ್ನನ್ನು ಹಿಂದಿನ ಗುಡ್ಡಕ್ಕೆ ಹತ್ತಿಸುತ್ತಿದ್ದ. ಬಂಡೆಗಳ ಮೇಲೆ ತಾಮ್ರ ಒಸರಿ ಹಸಿರುಗಟ್ಟಿದ ಗೆರೆಗಳು, ಸೀತಾಫಲದ ಪೊದೆಗಳು, ಕೆಳಗೆ ಬಿಸಿಲಿಗೆ ಮಿನುಗುವ ಕೆರೆ, ಕೂಗಿ ಕೂಗಿ ನಮ್ಮನ್ನೇ ಗದರಿಸುವ ನವಿಲುಗಳು. ಎಲ್ಲವನ್ನೂ ತಾನೇ ಮಾಡಿಟ್ಟವನ ಗತ್ತಿನಲ್ಲಿ ತೋರಿಸುತ್ತಿದ್ದ. ಒಮ್ಮೆ ಬಂಡೆಯ ಮೇಲೆ ಕೂತು ಹೇಳಿದ: “ಈ ಗುಡ್ಡಾನ ಎಲ್ಲಾರು ಮ್ಯಾಲಿಂದ ನೋಡ್ತಾರೆ ಕಣವ್ವ. ನಾನು ಒಳಗಿಂದ್ಲೂ ನೋಡೀನಿ.” ಆ ಮಾತಿಗೆ ನಾನು ಇವತ್ತಿಗೂ ಬೀಗುತ್ತೇನೆ.

ಗಣಿ ಮುಚ್ಚಿತು. ಚಳ್ಳಕೆರೆಗೆ ಬಂದೆವು, ಅಪ್ಪ ಎಣ್ಣೆ ಗಿರಣಿ ಸೇರಿದ, ವಯಸ್ಸಾಗಿ ನಮ್ಮೆಲ್ಲರ ಕಣ್ಣೆದುರಿಗೆ ತನ್ನ ಹಾಸಿಗೆಯಲ್ಲೇ ಕಣ್ಣುಮುಚ್ಚಿದ. ಈಗ ಆ ಪಾಳು ಕ್ವಾರ್ಟರ್ಸನ್ನೂ ಗುಡ್ಡವನ್ನೂ ನೋಡಲು ಜನ ಕಾರು ಮಾಡಿಕೊಂಡು ಬರುತ್ತಾರಂತೆ. ಹೋದ ಚಳಿಗಾಲದಲ್ಲಿ ನಾವೂ ಹೊರಟೆವು. ಬಿಲ್ಲೆಯನ್ನು ಹಲಗೆಗೆ ಹಾಕಿ ಬರೋಣ, ಬಂದವರು ನೋಡಲಿ, ಅಪ್ಪನದೊಂದು ಗುರುತು ಅಲ್ಲಿ ಉಳಿಯಲಿ ಎಂಬುದು ನನ್ನ ಆಸೆ. ಅದನ್ನು ಹೇಳಿದಾಗ ಅವ್ವ ಬಿಲ್ಲೆಯನ್ನು ತಿಕ್ಕಿ ತೊಳೆದು ಸೆರಗಿಗೆ ಗಂಟು ಹಾಕಿಕೊಂಡಳು.

ನಮ್ಮ ಮನೆಗೆ ಸೂರಿರಲಿಲ್ಲ, ಒಲೆಯಿದ್ದ ಕಡೆ ಬೇವಿನ ಮರ ಎದ್ದಿತ್ತು. ಗಣಿಯ ಬಾಯಿಗೆ ಕಬ್ಬಿಣದ ಜಾಲರಿ ಬಡಿದಿದ್ದರು. ಅದರ ಮುಂದೆ ನಿಂತು ಹುಡುಗರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹಲಗೆ ಮಾತ್ರ ಗೋಡೆಗೆ ಅಂಟಿಕೊಂಡೇ ಇತ್ತು. ಸಾಲು ಸಾಲು ತುಕ್ಕು ಮೊಳೆಗಳು, ಎಲ್ಲವೂ ಖಾಲಿ. ಅವ್ವ ಗಂಟು ಬಿಚ್ಚಿ, ಅಪ್ಪನ ಮೊಳೆಯನ್ನು ಬೆರಳಿನಿಂದ ಮುಟ್ಟಿದಳು. ಹಾಕವ್ವಾ, ಎಂದೆ.

“ಬ್ಯಾಡ ಕಣೆ,” ಅಂದಳು. “ಇಲ್ಲಿ ಹಾಕಿದ್ರೆ ನಿಮ್ಮಪ್ಪ ಒಳಗೇ ಉಳಿದಂಗಾಗ್ತೈತೆ. ಇಳಿದಷ್ಟು ದಿನಾನೂ ಮ್ಯಾಕೆ ಬಂದಾನೆ ಅವನು.”

ತಲೆಯೆತ್ತಿ, ಫೋಟೋದ ಹುಡುಗರು ದಾರಿ ಬಿಡುವಂತೆ ನಡೆದು ಕಾರಿನಲ್ಲಿ ಕೂತಳು. ದಾರಿಯುದ್ದಕ್ಕೂ ಬಿಲ್ಲೆ ಅವಳ ಮುಷ್ಟಿಯಲ್ಲೇ ಇತ್ತು. ಮನೆಗೆ ಬಂದವಳೇ ಅದನ್ನು ಒಲೆಯ ಪಕ್ಕದಲ್ಲಿಟ್ಟು, ಮುದ್ದೆಗೆ ಎಸರಿಟ್ಟಳು.