ಬಾಟಲಿಯ ಹಿಂದಿನ ಸಣ್ಣ ಅಕ್ಷರ

ನಾನು ಬಿ.ಎಸ್ಸಿ. ಮುಗಿಸಿ ಹುಮನಾಬಾದಿನ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯಾಗಿ ಸೇರಿದ ಮೊದಲ ವರ್ಷ ಅದು. ಮಹಾನವಮಿ ರಜೆಗೆ ಊರಿಗೆ ಬಂದಿದ್ದೆ. ನಮ್ಮದು ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿ ಕಡೆಯ ಕುರಿ ಸಾಕುವ ಮನೆ. ಅಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ಅವ್ವ ಎರಡನೆಯ ಇಯತ್ತೆಗೆ ಬಿಟ್ಟವಳು. ಕುರಿದೊಡ್ಡಿಯ ಪಕ್ಕ ಕೂತು ಓದಿ ಪದವಿ ಪಡೆದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಅದು ಪುಕ್ಕಟೆ ಸಿಕ್ಕಿದ್ದಲ್ಲ.

ಮನೆಗೆ ಯಾವ ಕಾಗದ ಬಂದರೂ, ಯಾವ ಔಷಧಿ ಬಾಟಲಿ ಬಂದರೂ ಅಪ್ಪ ನನ್ನ ಮುಂದೆ ಹಿಡಿಯುತ್ತಿದ್ದ. "ಏನ ಬರದಾರ ನೋಡಿ ಹೇಳವ್ವಾ" ಅನ್ನುತ್ತಿದ್ದ. ಬೇರೆಯವರು ಹೇಳಿದರೆ ಒಪ್ಪುತ್ತಿರಲಿಲ್ಲ. "ನಮ್ಮ ಹುಡುಗಿ ಓದಿ ಹೇಳಬೇಕು, ಆಮ್ಯಾಗ ಖರೇ" ಎಂದು ಮಂದಿಯ ಮುಂದೆಯೇ ಅನ್ನುತ್ತಿದ್ದ.

ಆ ವರ್ಷ ನನ್ನ ಮುಖದ ತುಂಬ ಮೊಡವೆ ಎದ್ದಿದ್ದವು. ಶಾಲೆಯ ಗೆಳತಿಯೊಬ್ಬಳು ಟೀ ಟ್ರೀ ಎಣ್ಣೆ ಹಚ್ಚಿಕೊ ಎಂದಳು. ಔಷಧಿ ಅಂಗಡಿಯಲ್ಲಿ ಬೆರಳುದ್ದದ ಬಾಟಲಿ ತಂದೆ. ಹೇಗೆ ಹಚ್ಚಬೇಕೆಂದು ಮೊಬೈಲಿನಲ್ಲಿ ಹುಡುಕಿ ಓದಿದೆ. ಒಂದು ಚಮಚ ಕೊಬ್ಬರಿ ಎಣ್ಣೆಗೆ ಎರಡೇ ಹನಿ. ಮೊದಲು ಮೊಣಕೈ ಒಳಗಡೆ ಚೂರು ಹಚ್ಚಿ ಒಂದು ದಿನ ಕಾದೆ. ಉರಿಯಲಿಲ್ಲ, ಕೆಂಪಾಗಲಿಲ್ಲ. ಆಮೇಲೆಯೇ ಮುಖಕ್ಕೆ ಹಚ್ಚಿಕೊಂಡೆ. ಎರಡು ವಾರದಲ್ಲಿ ಮೊಡವೆ ತಗ್ಗಿದವು. ಊರಿಗೆ ಬರುವಾಗ ಇನ್ನೊಂದು ಹೊಸ ಬಾಟಲಿ ತಂದೆ.

ಅವ್ವ ಅದನ್ನು ಮೂಸಿ ಮೂಗು ಮುಚ್ಚಿಕೊಂಡಳು. "ಇದೇನ ಎಣ್ಣಿ?"

"ಟೀ ಟ್ರೀ ಅಂತಾರವ್ವಾ."

"ಚಾ ಗಿಡದ್ದಾ? ಹಂಗಾರ ಜರಾ ಸಕ್ಕರೀನೂ ಹಾಕ್ಕೋ ಟೀಚರಬಾಯಿ, ಮಾರಿ ಸೀ ಆಗ್ತದ!"

ಇದು ಚಹಾ ಗಿಡದ್ದಲ್ಲ, ಬೇರೆ ದೇಶದ ಬೇರೆಯೇ ಮರ ಎಂದು ನಾನು ದೊಡ್ಡ ಪಾಠ ಮಾಡಿದೆ. ಅಪ್ಪ ಹೊಸ್ತಿಲಲ್ಲಿ ಕೂತು ಹೆಮ್ಮೆಯಿಂದ ಕೇಳುತ್ತಿದ್ದ.

ಅವನ ಕಾಲ ಬಳಿ ಮೋತ್ಯಾ ಮಲಗಿತ್ತು. ಮೋತ್ಯಾ ನಮ್ಮ ಕುರಿ ಕಾಯುವ ನಾಯಿ. ತೋಳದ ಜೊತೆ ಗುದ್ದಾಡಿ ಅರ್ಧ ಕಿವಿ ಕಳೆದುಕೊಂಡಿತ್ತು. ನಾನು ಕಾಲೇಜಿಗೆ ಬಸವಕಲ್ಯಾಣಕ್ಕೆ ಹೋಗುವಾಗ ದಿನಾ ನನ್ನ ಹಿಂದೆ ರಸ್ತೆಯ ತನಕ ಬಂದು, ಬಸ್ಸು ಹೊರಟ ಮೇಲೆಯೇ ತಿರುಗಿ ಹೋಗುತ್ತಿತ್ತು. ಮೂರು ವರ್ಷ ಅದು ಒಂದು ದಿನವೂ ತಪ್ಪಿಸಲಿಲ್ಲ. ನಾನೇ ಎಷ್ಟೋ ದಿನ ಕ್ಲಾಸು ತಪ್ಪಿಸಿದ್ದೇನೆ.

ಮಳೆಗಾಲ ಮುಗಿದು ಅದರ ಮೈತುಂಬ ರಕ್ತ ಹೀರುವ ಉಣ್ಣೆ ಹುಳ ಹತ್ತಿದ್ದವು. ಕೆರೆದು ಕೆರೆದು ಕುತ್ತಿಗೆಯಲ್ಲಿ ಹುಣ್ಣಾಗಿತ್ತು. ಅಪ್ಪ ದಿನಾ ಬೆಳಿಗ್ಗೆ ಕೂತು ಒಂದೊಂದೇ ಉಣ್ಣೆ ಕಿತ್ತು ಡಬ್ಬಿಯ ಮುಚ್ಚಳದಲ್ಲಿ ಹಾಕುತ್ತಿದ್ದ. ನನಗೆ ನೋಡಲಾಗಲಿಲ್ಲ.

"ಅಪ್ಪಾ, ಇನ್ನಾ ಎಷ್ಟ ದಿನ ಹಿಂಗ ಕೈಲೆ ಕೀಳ್ತಿ? ಬಿಡು, ನನ್ನ ಕಡಿ ಎಣ್ಣಿ ಅದ. ಹಚ್ಚಿದ್ರ ಒಂದೂ ಉಳಿಯಂಗಿಲ್ಲ."

"ನಾಯಿಗಿ ನಡೀತದೇನು?"

"ಮನಷ್ಯಾರಿಗಿ ನಡಿಯೋದು ನಾಯಿಗಿ ನಡಿಯಂಗಿಲ್ಲೇನು?"

ಅಪ್ಪ ಎದ್ದು ಜಾಗ ಬಿಟ್ಟ. "ನೀ ಓದಿದಾಕಿ. ನಿನಗ ಗೊತ್ತಿರ್ತದ" ಅಂದ.

ನನ್ನ ಮುಖಕ್ಕೆ ಎರಡು ಹನಿ ಎಣಿಸಿದವಳು ಮೋತ್ಯಾನ ಮೈಮೇಲೆ ಬಾಟಲಿಯನ್ನೇ ಬೋರಲು ಹಾಕಿದೆ. ಕೊಬ್ಬರಿ ಎಣ್ಣೆ ಬೆರೆಸಲಿಲ್ಲ. ನಾಯಿಯ ಚರ್ಮ ದಪ್ಪ, ಉಣ್ಣೆಯೂ ಗಟ್ಟಿ ಜೀವ, ತೆಳು ಮಾಡಿದರೆ ನಾಟುವುದಿಲ್ಲ ಎಂದು ನಾನೇ ಲೆಕ್ಕ ಹಾಕಿದೆ. ಹುಣ್ಣಿನ ಮೇಲೂ ತಿಕ್ಕಿದೆ. ಮೋತ್ಯಾ ಒಮ್ಮೆ ಕುಂಯ್ ಅಂದಿತು. ಆದರೂ ಓಡಿ ಹೋಗಲಿಲ್ಲ, ಹಚ್ಚುತ್ತಿರುವವಳು ನಾನಲ್ಲವೆ?

ಅದು ಆಮೇಲೆ ಮೈ ನೆಕ್ಕಿಕೊಳ್ಳುತ್ತ ಕೂತಿತ್ತು. ನಾನು ಒಳಗೆ ಹೋಗಿ ಅವ್ವನ ಜೊತೆ ರೊಟ್ಟಿ ಬಡಿದೆ. ಊಟದ ಹೊತ್ತಿಗೆ ಅಪ್ಪ ಹೊರಗಿನಿಂದ ಕೂಗಿದ: "ಯವ್ವಾ, ಮೋತ್ಯಾಗ ಏನೋ ಆಗ್ಯದ, ಜಲ್ದಿ ಬಾ!"

ಮೋತ್ಯಾ ಏಳಲು ನೋಡುತ್ತಿತ್ತು, ಹಿಂಗಾಲು ಎಳೆದುಕೊಂಡು ಮತ್ತೆ ಬೀಳುತ್ತಿತ್ತು. ಬಾಯಿಂದ ಜೊಲ್ಲು ಹರಿಯುತ್ತಿತ್ತು, ಮೈ ನಡುಗುತ್ತಿತ್ತು. ಅಪ್ಪ ತನ್ನ ಕಂಬಳಿಯಲ್ಲಿ ಅದನ್ನು ಸುತ್ತಿ ಎತ್ತಿದ. ಪಕ್ಕದ ಮನೆಯವರ ಟಂಟಂ ಆಟೋ ಹತ್ತಿ ಬಸವಕಲ್ಯಾಣದ ದನದ ದವಾಖಾನೆಗೆ ಹೊರಟೆವು.

ಬಾಟಲಿ ನನ್ನ ಕೈಯಲ್ಲಿತ್ತು. ದಾರಿಯಲ್ಲಿ ಮೊದಲ ಸಲ ಅದನ್ನು ಹಿಂದೆ ತಿರುಗಿಸಿ ನೋಡಿದೆ. ಸಾಸಿವೆಗಿಂತ ಸಣ್ಣ ಇಂಗ್ಲಿಷ್ ಅಕ್ಷರ. ಬೇರೆ ಎಣ್ಣೆಯಲ್ಲಿ ಬೆರೆಸದೆ ಹಚ್ಚಬೇಡಿ. ಗಾಯದ ಮೇಲೆ ಬೇಡ. ಬಾಯಿಗೆ ಹೋಗಬಾರದು. ಮಕ್ಕಳಿಂದ, ಸಾಕುಪ್ರಾಣಿಗಳಿಂದ ದೂರ ಇಡಿ. ಮುಖಕ್ಕೆ ಹಚ್ಚಿಕೊಳ್ಳುವಾಗ ಮೊಬೈಲು ನೋಡಿ ಕಲಿತಿದ್ದೆನೇ ಹೊರತು ಇದನ್ನು ಓದಿರಲಿಲ್ಲ.

ಅಪ್ಪ ನನ್ನನ್ನೇ ನೋಡುತ್ತಿದ್ದ. "ಏನ ಬರದಾರ ಯವ್ವಾ?"

"ಏನಿಲ್ಲಪ್ಪಾ, ಅಕ್ಷರ ಅಳಿಸಿ ಹೋಗ್ಯಾವ" ಅಂದೆ.

ಅಪ್ಪನಿಗೆ ಓದಿ ಹೇಳುವುದರಲ್ಲಿ ನಾನು ಸುಳ್ಳಾಡಿದ್ದು ಅದೇ ಮೊದಲು. ಅವನು ಕಂಬಳಿಯ ತುದಿಯಿಂದ ಮೋತ್ಯಾನ ಜೊಲ್ಲು ಒರೆಸಿದ.

ದವಾಖಾನೆಯಲ್ಲಿ ಡಾಕ್ಟರು ಮೂಸಿ ನೋಡಿದವರೇ ಸಿಟ್ಟಾದರು. ಸೋಪು ಹಚ್ಚಿ ತೊಳೆಯಲು ಕಂಪೌಂಡರಿಗೆ ಹೇಳಿ, ಸಲೈನ್ ಹಾಕುತ್ತ ಕೇಳಿದರು: "ಯಾರ್ರೀ ಇದನ್ನ ಹಚ್ಚಿದವ್ರು? ನಾಯಿಗಿ ಇದು ಜಹರು, ವಿಷ. ಮನಷ್ಯಾರೇ ಹನಿ ಲೆಕ್ಕದಾಗ ಕಲಸಿ ಹಚ್ಕೋಬೇಕು, ಹೊಟ್ಟಿಗಿ ಹೋದ್ರ ಅವ್ರಿಗೂ ತ್ರಾಸ. ಇದು ಮೈ ನೆಕ್ಕೇದ ಬ್ಯಾರೆ. ಅಕಲ್ ಬ್ಯಾಡೇನು?"

ನಾನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಅಪ್ಪ ಟೋಪಿ ತೆಗೆದು ಮುಂದೆ ಬಂದ.

"ನಾನೇ ರೀ ಸಾಹೇಬ್ರ. ಓದಲಾರದ ಮನಷ್ಯಾ. ಮಗಳ ಬಾಟ್ಲಿ ಕಟ್ಟಿ ಮ್ಯಾಲ ಇತ್ತು, ತಗೊಂಡು ಹಚ್ಚಿಬಿಟ್ನಿ. ಅಕಿ ನೋಡಿದ್ರ ಬಿಡ್ತಿದ್ದಿಲ್ಲ."

ಡಾಕ್ಟರು ನನ್ನ ಕಡೆ ತಿರುಗಿದರು. ದನಿ ಮೆತ್ತಗಾಯಿತು. "ನೀವು ಓದಿದವ್ರು ಕಾಣಸ್ತೀರಿ. ಇಂಥಾ ಬಾಟ್ಲಿ ಇವರ ಕೈಗಿ ಸಿಗೋಹಂಗ ಇಡಬಾರ್ದ್ರಿ."

"ಹೌದ್ರಿ" ಅಂದೆ.

ಅಷ್ಟೇ ಅಂದೆ.

ಮೋತ್ಯಾ ಸಂಜೆಯ ತನಕ ಜಗ್ಗಾಡಿತು. ನಾನು ಹೆಸರು ಹಿಡಿದು ಕರೆದಾಗ ಬಾಲದ ತುದಿ ಒಮ್ಮೆ ಆಡಿತು. ಹೊತ್ತು ಮುಳುಗುವ ಮೊದಲು ಹೋಗಿಬಿಟ್ಟಿತು.

ಬರುವಾಗ ಟಂಟಂನಲ್ಲಿ ಕೇಳಿದೆ. "ನೀ ಯಾಕ ಹಂಗ ಅಂದಿ ಅಪ್ಪಾ?"

"ನನಗ ಬೈದ್ರ ಏನ ಹೋಗ್ತದ? ನಾ ದಿನಾ ಬೈಸ್ಕೊಳ್ಳಾಂವ" ಅಂದ. ಕಂಬಳಿಯ ತುದಿ ಸರಿ ಮಾಡಿ, "ನಿನ್ನ ಓದಿಗಿ ಯಾರೂ ಏನೂ ಅನಬಾರ್ದು" ಅಂದ. ಅವನ ಕಣ್ಣು ತುಂಬಿದ್ದವು. ಆ ನಾಯಿಯನ್ನು ಅಂಗೈಯಷ್ಟಿದ್ದಾಗಿನಿಂದ ಕುರಿ ಹಾಲು ಹಾಕಿ ಬೆಳೆಸಿದವನು ಅವನು.

ಮೋತ್ಯಾನನ್ನು ದೊಡ್ಡಿಯ ಹಿಂದೆ ಮಣ್ಣು ಮಾಡಿದೆವು. ಕಂಬಳಿಯನ್ನು ಅವ್ವ ಎಷ್ಟು ಒಗೆದರೂ ಎಣ್ಣೆಯ ವಾಸನೆ ಹೋಗಲಿಲ್ಲ. ಅಪ್ಪ ಅದನ್ನೇ ಹೊದ್ದು ಕುರಿ ಹಿಂದೆ ಹೋಗುತ್ತಾನೆ.

ಎರಡು ದಿನ ನಾನು ಯಾರ ಮುಖವನ್ನೂ ನೋಡಲಿಲ್ಲ. ಮೂರನೆಯ ದಿನ ಅಪ್ಪ ಕುರಿಗಳ ಜಂತಿನ ಔಷಧಿ ತಂದು ಎಂದಿನಂತೆ ನನ್ನ ಮುಂದೆ ಹಿಡಿದ. "ಎಷ್ಟ ಕುಡಸಬೇಕು, ನೋಡಿ ಹೇಳವ್ವಾ."

ಇನ್ನು ಅವನು ನನ್ನನ್ನು ಕೇಳುವುದಿಲ್ಲ ಅಂದುಕೊಂಡಿದ್ದೆ. ಬಾಟಲಿ ಹಿಡಿದು ಮೇಲಿನಿಂದ ಓದಿದೆ. ಪ್ರಮಾಣ ಹೇಳಿದೆ.

"ಮುಗೀತೇನು?"

"ಇಲ್ಲಪ್ಪಾ, ಕೆಳಗ ಸಣ್ಣ ಅಕ್ಷರ ಅದಾವ."

"ಹಂಗಾರ ಅವನ್ನೂ ಓದು" ಅಂದು, ಗೋಡೆಗೆ ಒರಗಿ ಕೂತು, ಕೊನೆಯ ತನಕ ಕೇಳಿದ.

ಈಗ ನಾಲ್ಕು ವರ್ಷವಾಯಿತು. ಟೀ ಟ್ರೀ ಎಣ್ಣೆಯ ಮೇಲೆ ನನಗೆ ಸಿಟ್ಟಿಲ್ಲ, ತಪ್ಪು ಅದರದಲ್ಲ. ಬಾಟಲಿ ಇದ್ದರೆ ಬೀಗದ ಕಪಾಟಿನಲ್ಲಿರುತ್ತದೆ. ನಾಯಿ, ಬೆಕ್ಕು, ಎಳೆ ಮಗು ಇರುವ ಮನೆಯವರು ಕೇಳಿದರೆ ಬೆರೆಸುವುದನ್ನು ಹೇಳುವ ಮೊದಲು ಮೋತ್ಯಾನ ಕಥೆ ಹೇಳುತ್ತೇನೆ. ಆದರೆ ಹಚ್ಚಿದ್ದು ಯಾರು ಎಂದು ಹೇಳಿರಲಿಲ್ಲ. ಊರಲ್ಲಿ ಇವತ್ತಿಗೂ ಮಂದಿ ಅಪ್ಪನನ್ನು ಆಡಿಕೊಳ್ಳುತ್ತಾರೆ: "ಏನಪಾ, ನಾಯಿಗಿ ಅತ್ತರ ಹಚ್ಚಿ ಕೊಂದಾಂವ!" ಅಪ್ಪ "ಹೌದಪಾ, ನಂದೇ ತಪ್ಪು" ಎಂದು ನಕ್ಕು ಮುಂದೆ ಹೋಗುತ್ತಾನೆ.

ಇದು ಅಚ್ಚಾದರೆ ಅವನಿಗೆ ನಾನೇ ಓದಿ ಹೇಳಬೇಕು. ಕಟ್ಟೆಯ ಮೇಲೆ ಮಂದಿ ಕೂತಿರುವ ಹೊತ್ತು ನೋಡಿ ಓದುತ್ತೇನೆ, ಒಂದಕ್ಷರವನ್ನೂ ಬಿಡದೆ.